ಮೂವರು ಹೇಳುವ ವಾಕ್ಯ

ಬುಧವಾರ, ಮಾರ್ಚ್ ೮

ಪ್ರೀತಿಯ ಅಕ್ಕ,

ನಮ್ಮ ಲಾಂಡ್ರಿಯಲ್ಲಿ ಹೆಂಗಸರನ್ನು ಒಳಗೆ ಕೂಡಿ ಹೊರಗಿನಿಂದ ಬೀಗ ಹಾಕುತ್ತಾರೆ. ಇದು ಅನ್ಯಾಯ. ಕುಶಲ ಕೇಳುವ ಮೊದಲೇ ಇದನ್ನು ಬರೆದದ್ದಕ್ಕೂ, ಒಂದೇ ಊರಿನಲ್ಲಿದ್ದು ಇಷ್ಟು ದಿನ ಸುದ್ದಿಯಿಲ್ಲದೆ ಇದ್ದದ್ದಕ್ಕೂ ಕ್ಷಮಿಸು. ನೀನು, ಪಾಪು ಚೆನ್ನಾಗಿದ್ದೀರಾ?

ಹೋದ ವಾರ ಬಟ್ಟೆ ಒಣಗಿಸುವ ಯಂತ್ರದಿಂದ ಹೊಗೆ ಎದ್ದಿತು. ಮ್ಯಾನೇಜರನ ಅಪ್ಪಣೆ ಕೇಳಿಕೊಂಡು ಬಂದು ಕಾವಲುಗಾರ ಬಾಗಿಲು ತೆಗೆಯುವಷ್ಟರಲ್ಲಿ ಇಸ್ತ್ರಿ ಮಾಡುವ ದೊಡ್ಡಮ್ಮನಿಗೆ ಪ್ರಜ್ಞೆ ತಪ್ಪಿತ್ತು.

ಬರುವ ಮಂಗಳವಾರ ತಪಾಸಣೆಯ ಅಧಿಕಾರಿ ಬರುತ್ತಾರೆ. ಅವರಿಗೆ ಇಂಗ್ಲಿಷ್ ಮಾತ್ರ ಗೊತ್ತು. ನಮ್ಮ ಮಾತನ್ನು ಅವರಿಗೆ ತಿಳಿಸುವವನು ಮ್ಯಾನೇಜರ್! ಅದಕ್ಕೇ ಊಟದ ಹೊತ್ತಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೇನೆ. ಬೀದಿಯಲ್ಲಿ ಹಂಚುವ ಇಂಗ್ಲಿಷ್ ಕರಪತ್ರ ಓದಿ ಕಲಿತದ್ದು, ನಗಬೇಡ. ವಿಶೇಷಣ ಯಾರದೋ ಅವರ ಪಕ್ಕದಲ್ಲೇ ಕೂರಬೇಕು ಎಂದೆ. ‘ಲಾಕ್ಡ್ ಇನ್‌ಸೈಡ್’, ಅಂದರೆ ಒಳಗೆ ಸಿಕ್ಕಿಬಿದ್ದ, ಆದಮೇಲೆ ‘ವಿ’, ಅಂದರೆ ನಾವು, ಬರಬೇಕು. ‘ಸ್ಮೋಕ್’ ಬಂದರೆ ಒಳಗೆ ಸಿಕ್ಕಿಬಿದ್ದದ್ದು ಹೊಗೆ ಎಂದಾಗುತ್ತದೆ.

“ಅಯ್ಯೋ ಪಾಪ, ಹೊಗೆಗೂ ಬೀಗ ಹಾಕಿದ್ರೇನೇ?” ಎಂದಳು ದೊಡ್ಡಮ್ಮ. ಕೆಮ್ಮುತ್ತಲೇ ಎಲ್ಲರೂ ನಕ್ಕರು.

ಆಮೇಲೆ, ಸಾಲಾಗಿ ಹೇಳುವ ಕ್ರಿಯೆಗಳೆಲ್ಲ ಒಂದೇ ಅಚ್ಚಿನಲ್ಲಿರಬೇಕು ಎಂದು ಕಲಿಸಿದೆ: ವಿ ಶೌಟೆಡ್, ವಿ ನಾಕ್ಡ್, ವಿ ವೇಟೆಡ್.

“ಚೆನ್ನಾಗಿದೆ ಕಣೇ. ಆದ್ರೆ ಇದನ್ನ ಹೇಳಿದವಳು ಮಾರನೇ ದಿನ ಮನೇಲಿರ್ತಾಳೆ,” ಎಂದಳು ಬಟ್ಟೆ ಮಡಚುವವಳು.

ಹಾಗಾದರೆ ಮೂವರು ಹಂಚಿಕೊಂಡು ಹೇಳೋಣ ಎಂದೆ. ಕೂಗಿದ್ದು ದೊಡ್ಡಮ್ಮನಿಗೆ, ಬಾಗಿಲು ಬಡಿದದ್ದು ಮಡಚುವವಳಿಗೆ, ಕಾದದ್ದು ನನಗೆ. ಒಬ್ಬಳನ್ನೇ ಹಿಡಿದು ಹೊರಗೆ ಹಾಕಲು ಆಗಬಾರದು. ಆದರೂ ನಡುವೆ ಯಾರಾದರೂ ಬಾಯಿ ಮುಚ್ಚಿಬಿಟ್ಟರೆ ಎಂದು ನನಗೆ ನಿದ್ದೆಯಿಲ್ಲ. ಬಾಯಿ ಮುಚ್ಚುವವಳು ನಾನೇ ಆದರೆ?

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾವಲುಗಾರ ಮೆಲ್ಲಗೆ ಅಂದ: “ಬೀಗ ಹಾಕಿದ್ದು ಯಾರು ಅನ್ನೋದಕ್ಕೂ ಒಂದು ವಾಕ್ಯ ಕಲಿಸಿದೀಯೇನಮ್ಮ?”

ದೊಡ್ಡಮ್ಮ ಊಟದ ಡಬ್ಬಿ ಮುಚ್ಚಿದಳು.

ಪಾಪುವಿಗೆ ನನ್ನ ಮುತ್ತು. ಯಾರಿಗೂ ಹೆದರದೆ ಬೆಳೆಯಲಿ.

ನಿನ್ನ
ಮೊಂಡಿ

ಮರೆತ ಮಾತು: ಮರೆತದ್ದಲ್ಲ ಅಕ್ಕ. ಕಾವಲುಗಾರ ಎಂದು ಬರೆದೆ. ಭಾವ ಎಂದು ಬರೆಯಲು ಕೈ ಏಳಲಿಲ್ಲ. ಮನೆಗೆ ಬಂದರೆ ಅವರ ಎದುರು ಕೂರಬೇಕಲ್ಲ ಎಂದು ಅಂಚೆಗೆ ಹಾಕುತ್ತಿದ್ದೇನೆ. ಬೀಗ ಹಾಕಿದ್ದು ಯಾರೆಂದು ಅಧಿಕಾರಿ ಕೇಳಿಯೇ ಕೇಳುತ್ತಾರೆ, ನಾನು ಸುಳ್ಳು ಹೇಳುವುದಿಲ್ಲ. ಬೀಗ ಹಾಕಲು ಅಪ್ಪಣೆ ಯಾರದೆಂದು ಭಾವನೇ ಮೊದಲು ಹೇಳಿಬಿಟ್ಟರೆ ಅವರೂ ನಮ್ಮ ಸಾಲಿಗೆ ಬರುತ್ತಾರೆ. ಅವರು ಕೇಳುವುದು ನಿನ್ನ ಮಾತೊಂದೇ. ಪಾಪುವನ್ನು ಎತ್ತಿಕೊಂಡು ಅವರ ಜೊತೆ ಬಾ. ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ, ಲಾಂಡ್ರಿಯ ಗೇಟು.