ಟ್ಯಾಕ್ಸಿ ಎಂದವನಿಗೆ

ಬಸ್ತಾ, ಬೈರೂತ್
ಸೆಪ್ಟೆಂಬರ್ 28, 2021

ರೂಬಾಳ ಅಪ್ಪ ಅಫೀಫನಿಗೆ ಇನ್ಸಾಫಳ ಸಲಾಂ.

ನಿನ್ನ ತಾಯಿ ತೀರಿಕೊಂಡು ನಲವತ್ತನೆಯ ದಿನ ನಿನ್ನೆ ಮುಗಿಯಿತು. ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ನನಗೆ ನಾನೇ ಹಾಕಿಕೊಂಡಿದ್ದ ಗಡುವೂ ಮುಗಿಯಿತು. ಭಾನುವಾರ ಬಂದು ರೂಬಾಳನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳಿಕಳಿಸಿದ್ದೀಯ. ನೀನು ನಮ್ಮ ಮೆಟ್ಟಿಲು ಹತ್ತುವ ಮೊದಲು ಇದನ್ನು ಓದಿರಬೇಕು.

ಸಾವಿನ ಮೂರನೆಯ ದಿನ ಮನೆ ತುಂಬ ಜನ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ ಕುಳಿತಿದ್ದರು. ಎಲ್ಲರ ನಡುವೆ ನಿಂತು ನೀನು ಕೇಳಿದೆ, "ಊರವರನ್ನೆಲ್ಲ ಬಾಡಿಗೆ ಕಾರಲ್ಲಿ ಹೊತ್ಕೊಂಡು ತಿರುಗೋನು ನಾನು. ನನ್ನಮ್ಮ ಬೀದೀಲಿ ಕಾರಿಗೆ ಕಾಯ್ಬೇಕಿತ್ತಾ? ಅರ್ಧ ಗಂಟೆ ಮುಂಚೆ ತಂದಿದ್ರೆ ಉಳೀತಿದ್ರು ಅಂತ ಡಾಕ್ಟರೇ ಹೇಳಿದ್ರು. ಆ ಅರ್ಧ ಗಂಟೆ ಏನ್ ಮಾಡ್ತಿದ್ದೆ?" ನಿನ್ನ ಅಕ್ಕ ಎದೆ ಬಡಿದುಕೊಂಡಳು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಂದಿನಿಂದ ರೂಬಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹದಿನಾಲ್ಕು ವರ್ಷ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗಿ, ಈಗ ನಾನು ಬಡಿಸಿದ ತಟ್ಟೆಯನ್ನು ದೂರ ತಳ್ಳುತ್ತಾಳೆ.

ನಿನಗೆ ಯಾಕೆ ಫೋನ್ ಮಾಡಲಿಲ್ಲ ಎಂದೂ ಕೇಳಿದೆ. ನಿನ್ನ ಹೊಸ ನಂಬರನ್ನು ನನಗೆ ಕೊಡಕೂಡದೆಂದು ರೂಬಾಳಿಂದ ಆಣೆ ಹಾಕಿಸಿಕೊಂಡವನು ನೀನು. ಅವಳು ಆ ವಾರ ಬೆಟ್ಟದ ಮೇಲೆ ನನ್ನ ತಂಗಿಯ ಮನೆಯಲ್ಲಿದ್ದಳು. ಎರಡು ವರ್ಷದ ಹಿಂದೆ ನನ್ನೊಂದಿಗೆ ಜಗಳವಾಡಿ ನಿನ್ನ ಅಣ್ಣನ ಮನೆಗೆ ಹೊರಟಾಗ ತಾಯಿಯನ್ನೂ ಕರೆದೆಯಲ್ಲ, ನೆನಪಿದೆಯೇ? "ನಿನ್ ಜೊತೆ ಬಂದ್ರೆ ನಿಂಗೆ ನಾನು ಬೇಯಿಸಿ ಹಾಕ್ಬೇಕು. ಇಲ್ಲಿದ್ರೆ ಇನ್ಸಾಫ್ ನಂಗೆ ಬೇಯಿಸಿ ಹಾಕ್ತಾಳೆ. ನಂಗೇನ್ ತಲೆ ಕೆಟ್ಟಿದ್ಯಾ?" ಎಂದು ಅತ್ತೆ ನಕ್ಕುಬಿಟ್ಟರು. ನೀನು ಹೋದ ಮೇಲೆ ಬಾಗಿಲ ಹಿಂದೆ ನಿಂತು ಅತ್ತರು. ಅದನ್ನು ನೀನು ನೋಡಲಿಲ್ಲ.

ಈಗ ಆ ಅರ್ಧ ಗಂಟೆಯ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಹಳೆಯ ಮಾತು. ಮದುವೆಯಾದ ಹೊಸದರಲ್ಲಿ ನೀನು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಇಡೀ ದಿನ ಊರು ಸುತ್ತಿಸಿದ್ದೆ. ಜನ ಕಿಟಕಿಗೆ ಬಗ್ಗಿ ತಮ್ಮ ಬೀದಿಯ ಹೆಸರು ಹೇಳಿ "ಸರ್ವೀಸ್?" ಎಂದು ಕೇಳುತ್ತಿದ್ದರು. ಅಪರಿಚಿತರ ಜೊತೆ ಒತ್ತಿಕೊಂಡು ಕೂರಲು ಒಪ್ಪಿದವರ ಮಾತು ಅದು. ದಾರಿ ಸರಿಹೋದರೆ ನೀನು ತಲೆಯಾಡಿಸಿ ಹತ್ತಿಸಿಕೊಳ್ಳುತ್ತಿದ್ದೆ. ಬೇಡವಾದರೆ "ಟ್ಯಾಕ್ಸಿ" ಎನ್ನುತ್ತಿದ್ದೆ. ಅಂದರೆ ಇಡೀ ಕಾರು ಒಬ್ಬರೇ ಹಿಡಿಯಬೇಕು, ಐದು ಪಾಲು ಬಾಡಿಗೆ ಕೊಡಬೇಕು. ಲೋಕದಲ್ಲೆಲ್ಲ ಅದು ಒಂದು ಬಂಡಿಯ ಹೆಸರಂತೆ, ನಮ್ಮ ಬೀದಿಯಲ್ಲಿ ಅದು ಒಂದು ಉತ್ತರ. ಆ ದಿನ ನೀನು ನನಗೆ ಗುಟ್ಟು ಹೇಳಿಕೊಟ್ಟೆ: "ಆಗಲ್ಲ ಅಂದ್ರೆ ಜನ ಶಾಪ ಹಾಕ್ತಾರೆ ಕಣೇ. ಟ್ಯಾಕ್ಸಿ ಅಂದ್ರೆ ತಾವೇ ಹಿಂದೆ ಸರೀತಾರೆ. ಆದ್ರೆ ಬ್ರೇಕಿಂದ ಕಾಲು ತೆಗೀತಾ ಹೇಳ್ಬೇಕು, ಇಲ್ದಿದ್ರೆ ಕೆಲವರು ಒಪ್ಕೊಂಡ್ಬಿಡ್ತಾರೆ!" ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಆವತ್ತು ಬೆಳಿಗ್ಗೆ ಹತ್ತು ಗಂಟೆಗೆ ಬೀನ್ಸ್ ಬಿಡಿಸುತ್ತ ಕುಳಿತಿದ್ದ ಅತ್ತೆಯ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆಂಬುಲೆನ್ಸಿನವರು ಒಂದು ಗಂಟೆಯಾಗುತ್ತದೆ ಎಂದರು. ಅಕ್ಕಪಕ್ಕದವರ ಕಾರುಗಳೆಲ್ಲ ಪೆಟ್ರೋಲಿನ ಸಾಲಿನಲ್ಲಿ ನಿಂತಿದ್ದವು. ತರಕಾರಿ ಅಂಗಡಿಯ ಅಬೂ ನಸೀಬನೂ ನಾನೂ ಅತ್ತೆಯನ್ನು ಕೆಳಗಿಳಿಸಿ, ಅವನ ಟೊಮೆಟೊ ಪೆಟ್ಟಿಗೆಗಳ ಹಿಂದಿನ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ನಾನು ರಸ್ತೆಗಿಳಿದು ಕೈಯೊಡ್ಡಿದೆ. ಆಸ್ಪತ್ರೆ ಏರುದಾರಿಯಲ್ಲಿದೆ. ಪೆಟ್ರೋಲೇ ಸಿಗದ ಆ ಆಗಸ್ಟಿನಲ್ಲಿ ಅದನ್ನು ಏರುದಾರಿಗೆ ಸುಡಲು ಯಾರಿಗೂ ಮನಸ್ಸಿರಲಿಲ್ಲ. ಮೊದಲನೆಯವನು "ಟ್ಯಾಕ್ಸಿ" ಎಂದ. ಎರಡನೆಯವನೂ ಅದನ್ನೇ ಎಂದ. "ಆಯ್ತಪ್ಪಾ, ಟ್ಯಾಕ್ಸಿನೇ ಆಗ್ಲಿ, ನಿಲ್ಸು!" ಎಂದು ಇಬ್ಬರ ಹಿಂದೆಯೂ ಓಡಿದೆ. ನೀನು ಕಲಿಸಿದ ಗುಟ್ಟು ಅವರಿಗೂ ಗೊತ್ತಿತ್ತು.

ಮೂರನೆಯದು ಬಾಡಿಗೆ ಕಾರುಗಳ ಕೆಂಪು ನಂಬರ್ ಪ್ಲೇಟಿನ ಹಳೆಯ ಬಿಳಿ ಮರ್ಸಿಡಿಸ್. ಬಂಪರಿಗೆ ತಂತಿ ಕಟ್ಟಿತ್ತು. ಕನ್ನಡಿಯಿಂದ ರೂಬಾಳ ಮೊದಲ ಶೂ ನೇತಾಡುತ್ತಿತ್ತು, ಒಂದೇ ಒಂದು. ಹೌದು ಅಫೀಫ್, ನೀನೇ.

ನಾನು ಬಗ್ಗಿದೆ. ಮೂಗಿನವರೆಗೆ ಮಾಸ್ಕ್ ಇತ್ತು, ತಲೆಯ ಮೇಲೆ ಬಟ್ಟೆ ಇತ್ತು, ಓಡಿ ಓಡಿ ದನಿ ಕಟ್ಟಿತ್ತು. ಆಸ್ಪತ್ರೆಯ ಹೆಸರು ಹೇಳಿದೆ. ಖಾಲಿ ಕಾರಿನಲ್ಲಿ ಕುಳಿತ ನೀನು ರಸ್ತೆಯನ್ನೇ ನೋಡುತ್ತ "ಟ್ಯಾಕ್ಸಿ, ಹಾಜ್ಜೆ" ಎಂದೆ. ಮುದುಕಿಯರನ್ನು ಕರೆಯುವ ಹಾಗೆ. ನನಗಿನ್ನೂ ನಲವತ್ತಾರು. ಕಾಲು ಆಗಲೇ ಬ್ರೇಕಿನಿಂದ ಎದ್ದಿತ್ತು.

ಇದುವರೆಗೆ ನಿನ್ನ ತಪ್ಪು. ಇನ್ನು ನನ್ನದು ಹೇಳುತ್ತೇನೆ, ಯಾಕೆಂದರೆ ಅರ್ಧ ಹೇಳಿ ಅರ್ಧ ನುಂಗಿದರೆ ನಿದ್ದೆ ಬರುವುದಿಲ್ಲ. ಮಾಸ್ಕ್ ಕೆಳಗೆಳೆದು "ಅಫೀಫ್" ಎಂದಿದ್ದರೆ ಸಾಕಿತ್ತು. ಇವನು ಒಮ್ಮೆ, ಒಂದೇ ಒಂದು ಸಲ, ಕಿಟಕಿಯಲ್ಲಿರುವವಳ ಮುಖ ನೋಡುತ್ತಾನೋ ಇಲ್ಲವೋ ಎಂದು ಕಾದೆ. ಕಾಯುವಷ್ಟರಲ್ಲಿ ಕಾರು ಹೋಯಿತು. ಇಬ್ಬರು ಅಪರಿಚಿತರ ಹಿಂದೆ ಓಡಿದವಳು ನಿನ್ನ ಹಿಂದೆ ಓಡಲಿಲ್ಲ. ಎರಡು ವರ್ಷ ನುಂಗಿದ ಅವಮಾನ ನನ್ನ ಕಾಲು ಹಿಡಿದುಕೊಂಡಿತ್ತು. ಆಮೇಲೆ ತಲೆಗೆ ಬಣ್ಣ ಹಚ್ಚಿದ ಒಬ್ಬ ಮುದುಕ ನಿಲ್ಲಿಸಿ, ಹಿಂದಿನ ಸೀಟಿನಲ್ಲಿದ್ದ ಇಬ್ಬರನ್ನು "ಸರೀರಿ, ಸರೀರಿ, ತಾಯಿ ಇದ್ದಾರೆ" ಎಂದು ಗದರಿಸಿ ನಮ್ಮನ್ನು ಹತ್ತಿಸಿಕೊಂಡ. ನಿನಗೂ ಅವನಿಗೂ ನಡುವೆ ಇದ್ದದ್ದೇ ಡಾಕ್ಟರ್ ಹೇಳಿದ ಆ ಅರ್ಧ ಗಂಟೆ. ಅದರಲ್ಲಿ ಪಾಲು ನನಗೂ ಇದೆ, ನಾನು ಅಲ್ಲವೆನ್ನುವುದಿಲ್ಲ. ಆದರೆ ಇಡಿಯಾಗಿ ನನ್ನ ತಲೆಗೆ ಕಟ್ಟಿ ಮಗಳನ್ನು ಕರೆದೊಯ್ಯಲು ಬಿಡುವುದಿಲ್ಲ.

ರೂಬಾಗೆ ಇದನ್ನು ನಾನು ಹೇಳಿಲ್ಲ. ಹೇಳಿದರೆ ನಾನು ಬಡಿಸಿದ ತಟ್ಟೆಯನ್ನು ಹತ್ತಿರ ಎಳೆದುಕೊಂಡಾಳು, ಆದರೆ ಅಪ್ಪನನ್ನು ಕಳೆದುಕೊಳ್ಳುತ್ತಾಳೆ. ಹಾಗಾಗಿ ನೀನೇ ಹೇಳಬೇಕು. ಭಾನುವಾರ ಬಾ. ಅವಳ ಎದುರು ಕುಳಿತು, ಆ ಬೆಳಿಗ್ಗೆ ಬಸ್ತಾದಲ್ಲಿ ನೀನು ಏನೆಂದೆ ಎಂದು ಹೇಳು. ಅದಾದ ಮೇಲೂ ಅವಳು ನಿನ್ನ ಜೊತೆ ಹೊರಟರೆ ಅವಳ ಬಟ್ಟೆಯನ್ನು ನಾನೇ ಮಡಿಸಿ ಕೊಡುತ್ತೇನೆ. ಹೇಳಲಾರೆಯಾದರೆ ಬರಬೇಡ.

ಇಂತಿ,
ಇನ್ಸಾಫ್

ಮರೆತ ಮಾತು: ಇದನ್ನು ಬರೆದು ನಾನು ಅತ್ತೆಗೆ ಕೊಟ್ಟ ಮಾತನ್ನು ಮುರಿದಿದ್ದೇನೆ. ಟೊಮೆಟೊ ಪೆಟ್ಟಿಗೆಗಳ ಹಿಂದಿನಿಂದ ಅವರಿಗೆ ನಿನ್ನ ಮುಖ ಕಾಣಲಿಲ್ಲ, ದನಿ ಕೇಳಿಸಿತು. ಮುದುಕನ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡು, ಸೊಟ್ಟ ಬಾಯಲ್ಲಿ, ಎರಡು ಸಲ ಹೇಳಿದ ಮೇಲೆ ನನಗೆ ಅರ್ಥವಾಯಿತು: "ಅವನೇ ಅಲ್ವಾ? ಅವನಿಗೆ ಹೇಳ್ಬೇಡ. ದನಿ ಒಣಗಿತ್ತು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ ಅವರು ಮಾತಾಡಲಿಲ್ಲ.