ಫ್ಯೂಸಿನ ಜಾಗದಲ್ಲಿ ತಂತಿ

ನಂದಗುಡಿ
ಗುರುವಾರ, 13 ನವೆಂಬರ್ 2025

ಪ್ರೀತಿಯ ಮನೆಯವರಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಛತ್ತೀಸಗಡದ ಕಾಡಿನಲ್ಲಿ ಬೋರ್‌ವೆಲ್ ಲಾರಿಯ ಮೇಲೆಯೇ ಮಲಗುವವರ ಸೊಂಟ ಹೇಗೆ ತಾನೇ ಸರಿಹೋದೀತು! ಸಿಗ್ನಲ್ ಸಿಕ್ಕ ದಿನವೂ ‘ಊಟ ಆಯ್ತಾ’ ಅನ್ನುವಷ್ಟರಲ್ಲಿ ಲೈನು ಕಟ್ಟಾಗುತ್ತದೆ. ನಿಮ್ಮ ಜೊತೆಯ ಕಾಂತರಾಜು ರಜೆ ಮುಗಿಸಿ ಇವತ್ತೇ ಹೊರಡುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ, ಜೊತೆಗೆ ಅತ್ತೆ ಮಾಡಿದ ಹುರಿಹಿಟ್ಟು ಕಳಿಸುತ್ತಿದ್ದೇನೆ. ಊರಿಗೆಲ್ಲ ಹಂಚಿ ನೀವು ಡಬ್ಬಿ ಕೆರೆಯುತ್ತಾ ಕೂರಬೇಡಿ. ಅತ್ತೆ ಗಟ್ಟಿಯಾಗಿದ್ದಾರೆ, ದಿನಕ್ಕೆ ನಾಲ್ಕು ಸಲ ನಿಮ್ಮ ಹೆಸರು ಹೇಳಿ ಐದು ಸಲ ನನ್ನನ್ನು ಬೈಯುತ್ತಾರೆ.

ಇನ್ನು ಜಗಳಕ್ಕೆ ಬರುತ್ತೇನೆ. ಪಂಚಾಯ್ತಿಯವರು ನನಗೆ ಒಂದು ತಿಂಗಳು ಕೊಟ್ಟಿರುವುದು ನಿಮಗೆ ಗೊತ್ತೇ ಇದೆ. ಓಡಾಡಲಾಗದ ಮುದುಕರ ಮನೆಬಾಗಿಲಿಗೆ ವ್ಯಾನು ಒಯ್ದು, ಪಿಂಚಣಿ ನಿಲ್ಲದ ಹಾಗೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ, ಬದುಕಿದ್ದಾರೆ ಅನ್ನುವ ಚೀಟಿ ಪ್ರಿಂಟ್ ತೆಗೆದು ಕೊಡಬೇಕು. ಒಂದು ದೂರೂ ಬರದಿದ್ದರೆ ವರ್ಷವಿಡೀ ಈ ಕೆಲಸ ನನ್ನದೇ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನದು ಅಂತ ಒಂದು ಕೆಲಸ ಸಿಗುವುದರಲ್ಲಿತ್ತು. ಅದಕ್ಕೇ ತಾನೇ ನೀವು ಹೊರಡುವ ಹಿಂದಿನ ದಿನ ವ್ಯಾನಿನಲ್ಲಿ ಲ್ಯಾಪ್‌ಟಾಪು, ಪ್ರಿಂಟರು ಎಲ್ಲ ಕೂರಿಸಿಕೊಟ್ಟು, ‘ಕರೆಂಟು ಡೈರೆಕ್ಟ್ ಕೊಟ್ಬಿಟ್ಟಿದೀನಿ ಕಣೇ, ಇನ್ನು ಹತ್ತು ವರ್ಷ ತಿರುಗಿ ನೋಡಂಗಿಲ್ಲ’ ಅಂತ ಬೀಗಿದ್ದು?

ಹತ್ತು ದಿನವೂ ನೆಟ್ಟಗೆ ನಡೆಯಲಿಲ್ಲ. ಲ್ಯಾಪ್‌ಟಾಪಿಗೆ ಅಂತ ಹೊಡೆದ ಹಲಗೆ ರಸ್ತೆಯ ಮೊದಲ ಹಂಪ್‌ಗೇ ಕಿತ್ತುಬಂತು. ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿಕೊಂಡೆ. ಆಮೇಲೆ ಬ್ಯಾಟರಿ ಕರೆಂಟನ್ನು ಮನೆ ಕರೆಂಟು ಮಾಡುತ್ತದೆ ಅಂತ ತಂದಿರಲ್ಲ, ಆ ಇನ್ವರ್ಟರ್ ಡಬ್ಬಿ. ವ್ಯಾನು ಸ್ಟಾರ್ಟ್ ಮಾಡಿದರೆ ಕಿರುಚುತ್ತದೆ, ಪ್ರಿಂಟರ್ ಹಾಕಿದರೆ ಇನ್ನೂ ಜೋರಾಗಿ ಕಿರುಚುತ್ತದೆ. ಡೀಸೆಲ್ಲು ಉಳಿಸೋಣ ಅಂತ ಎಂಜಿನ್ ಆಫ್ ಮಾಡಿಕೊಂಡು ಕೆಲಸ ಮಾಡಿದ ದಿನ ಬ್ಯಾಟರಿ ಸತ್ತು, ಪಿಂಚಣಿ ಕೊಡಿಸಲು ಹೋದವಳ ವ್ಯಾನನ್ನು ಪಿಂಚಣಿದಾರರೇ ತಳ್ಳಬೇಕಾಯಿತು. ನಾಚಿಕೆಯಿಂದ ಸತ್ತೇ ಹೋದೆ.

ಇದೆಲ್ಲ ಹೋಗಲಿ ಬಿಡಿ. ಮಂಗಳವಾರ ತೋಟದ ಮನೆಯ ಭಾಗ್ಯಮ್ಮನ ಸರದಿ. ಅವರಿಗೆ ಎರಡೂ ಕಾಲು ಸ್ವಾಧೀನವಿಲ್ಲ. ಮನೆಯೊಳಗೆ ಸಿಗ್ನಲ್ ಇಲ್ಲದ್ದಕ್ಕೆ ಅವರ ಸೊಸೆಯೂ ನಾನೂ ಎತ್ತಿ ತಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಸೊಸೆ ಆಧಾರ್ ಕಾರ್ಡ್ ಕೊಟ್ಟು, ಪಾಸ್‌ಬುಕ್ ತರಲು ಒಳಗೆ ಹೋದಳು. ಹೆಬ್ಬೆಟ್ಟು ಒತ್ತಿಹಿಡಿಯಲು ಹೇಳಿ, ಇನ್ನೇನು ಚೀಟಿ ಬರಬೇಕು ಅನ್ನುವಾಗ ಕಾಲ ಕೆಳಗಿನ ಮ್ಯಾಟಿನಿಂದ ರಬ್ಬರ್ ಸುಟ್ಟ ವಾಸನೆ, ಹಿಂದೆಯೇ ದಟ್ಟ ಹೊಗೆ. ಭಾಗ್ಯಮ್ಮನನ್ನು ಇಳಿಸಿ, ಲ್ಯಾಪ್‌ಟಾಪ್ ಕಿತ್ತುಕೊಂಡು ದೂರ ಬಂದೆ. ಸೊಸೆ ಓಡಿಬಂದು ಮಣ್ಣೆರಚಿದ ಮೇಲೆ ಹೊಗೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ವ್ಯಾನನ್ನು ಹೊಸಕೋಟೆಗೆ ಎಳೆಸಿಕೊಂಡು ಹೋಗಿ ಎಲೆಕ್ಟ್ರಿಷಿಯನ್ ವೆಂಕಟರಾಮಪ್ಪನವರಿಗೆ ತೋರಿಸಿದೆ. ಪ್ರಿಂಟರ್ ಕರೆಂಟು ಜಗ್ಗಿದ್ದಕ್ಕೆ ನೀವು ಕೂರಿಸಿದ ದಿನವೇ ಫ್ಯೂಸ್ ಹೋಗಿತ್ತಲ್ಲವೇ? ನೀವು ಬೇರೆ ಫ್ಯೂಸ್ ಹಾಕುವ ಬದಲು ಆ ಜಾಗಕ್ಕೆ ತಾಮ್ರದ ತಂತಿ ಸುತ್ತಿ ಹೋಗಿದ್ದೀರಿ. ನಿಮ್ಮ ಲಾರಿಯವರ ಚಾಳಿ ಅದು. ಕೊರೆಯುವ ಕೆಲಸ ನಿಲ್ಲಬಾರದು, ತಂತಿ ಕಾದರೂ ಸರಿ, ಸುಟ್ಟರೂ ಸರಿ. ವೆಂಕಟರಾಮಪ್ಪನವರು ಕರಗಿದ ತಂತಿಯನ್ನು ನನ್ನ ಮುಖದ ಮುಂದೆ ಹಿಡಿದು, ‘ಯಾರಮ್ಮ ಇದ್ನ ಮಾಡಿದ್ದು? ಫ್ಯೂಸ್ ಇರೋದೇ ಹೋಗಕ್ಕೆ ಕಣಮ್ಮ. ಅದು ಹೋದ್ರೆ ಗಾಡಿ ಉಳೀತದೆ’ ಅಂದರು. ಯಾರೋ ಗೊತ್ತಿಲ್ಲ ಅಂದೆ. ಹೊರಗಿನವರ ಮುಂದೆ ನಿಮ್ಮನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ, ಇಲ್ಲಿ ಮಾತ್ರ ಬೈಯುತ್ತಿದ್ದೇನೆ.

ಈಗ ಅವರು ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿದ್ದಾರೆ. ಆ ದೊಡ್ಡ ಪ್ರಿಂಟರ್ ಮನೆಯಲ್ಲಿರಲಿ, ಇಂಕಿನ ಚಿಕ್ಕದು ಸಾಕು ಅಂದಿದ್ದಾರೆ. ಎಲ್ಲ ಸರಿಯಾಗಿದೆ. ದೂರೂ ಬಂದಿಲ್ಲ. ಸೋಮವಾರ ಉಳಿದ ಏಳು ಮನೆ ಮುಗಿಸಿದರೆ ಕೆಲಸ ನನ್ನದಾಗುತ್ತದೆ. ಆದರೂ ವ್ಯಾನಿನ ಬೀಗದ ಕೈ ಮುಟ್ಟಲು ಮನಸ್ಸಿಲ್ಲ. ಅತ್ತೆ ಕೇಳಿದರು, ತಲೆನೋವು ಅಂದೆ. ಎರಡು ದಿನದಿಂದ ಎಲ್ಲರ ಮೇಲೂ ಸಿಡುಕುತ್ತಿದ್ದೇನೆ, ಹಾಲು ಉಕ್ಕಿದರೂ ಸಿಟ್ಟು, ಉಕ್ಕದಿದ್ದರೂ ಸಿಟ್ಟು.

ನೀವು ಮೊದಲು ಆ ಲಾರಿಯಲ್ಲಿ ಎಲ್ಲೆಲ್ಲಿ ತಂತಿ ಸುತ್ತಿದ್ದೀರೋ ಅಲ್ಲೆಲ್ಲ ಕಿತ್ತು ಫ್ಯೂಸ್ ಹಾಕಿ. ನೀವು ಮಲಗುವುದು ಅದರ ಮೇಲೇ ಅನ್ನುವುದು ನೆನಪಿರಲಿ. ಅತ್ತೆಯ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಷ್ಟು ಬೈದರೂ ನಿಮ್ಮವಳೇ ಆದ
ಮಮತ

ವಿ.ಸೂ.: ಕಾಂತರಾಜು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾನು ಭಾಗ್ಯಮ್ಮನನ್ನು ಮೊದಲು ಇಳಿಸಲಿಲ್ಲ. ಹೊಗೆ ಕಂಡದ್ದೇ ಲ್ಯಾಪ್‌ಟಾಪ್ ಅವಚಿಕೊಂಡು ನಾನೊಬ್ಬಳೇ ಓಡಿದೆ. ಬೇಲಿ ದಾಟಿದ ಮೇಲೆ ಅವರ ನೆನಪಾಯಿತು. ಇದು ಅವರ ಸೊಸೆಗೂ ಗೊತ್ತಿಲ್ಲ, ಅವರೂ ಯಾರಿಗೂ ಹೇಳಿಲ್ಲ. ವಾಪಸ್ ಓಡಿಬಂದು ನೋಡಿದರೆ ಹೊಗೆಯಲ್ಲಿ ಕೆಮ್ಮುತ್ತಾ ಕೂತಿದ್ದರು. ನಾನು ಲ್ಯಾಪ್‌ಟಾಪ್ ಎಳೆದ ರಭಸಕ್ಕೆ ಯಂತ್ರದ ವೈರು ಕಿತ್ತು ನೇತಾಡುತ್ತಿತ್ತು, ಅವರ ಹೆಬ್ಬೆಟ್ಟು ಮಾತ್ರ ಯಂತ್ರದ ಮೇಲೇ ಇತ್ತು. ‘ನಾನ್ ಹೇಳೋಗಂಟ ತೆಗೀಬ್ಯಾಡ ಅಂದಿದ್ಯಲ್ಲವ್ವ’ ಅಂದರು.