ಏಳನೆಯ ನಿಯಮ

ಶುಕ್ರವಾರ, ಜೂನ್ ೯

ಪ್ರೀತಿಯ ಚಿನ್ನೂ,

ಒಂದು ಮಾತನ್ನು ಬರೆಯದೆ ಬಿಟ್ಟುಬಿಡಬೇಕೆಂದುಕೊಂಡೇ ಈ ಪತ್ರಕ್ಕೆ ಕುಳಿತೆ. ಈಗಲೂ ಧೈರ್ಯ ಪೂರ್ತಿ ಬಂದಿಲ್ಲ. ಮೊದಲು ಉಳಿದದ್ದನ್ನು ಹೇಳುತ್ತೇನೆ. ನೀನು ದೊಡ್ಡಮ್ಮನ ಮನೆಗೆ ಹೋಗಿ ಹತ್ತು ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೇಸರಿಸಬೇಡ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ದಾಟಿ ಮುಂದೆ ಹೋಗುವುದೇ ಇಲ್ಲವಲ್ಲ.

ನಿನ್ನ ಕೋಣೆಯ ಕಿಟಕಿಯನ್ನು ಅಪ್ಪ ಕೊನೆಗೂ ರಿಪೇರಿ ಮಾಡಿದರು. ಈಗ ಮುಚ್ಚುತ್ತದೆ, ತೆರೆಯುವುದಿಲ್ಲ.

ನೀನು ಅಕೌಂಟ್ಸ್ ಕೋರ್ಸಿಗೆ ಸೇರುತ್ತೀಯೆಂದು ದೊಡ್ಡಮ್ಮ ಹೇಳಿದರು. "ಗೇಮ್ ಡಿಸೈನ್ ನನ್ನ ಕೈಲಾಗಲ್ಲ ಅಂತ ಆ ಕಾಲೇಜಿನವರೇ ಹೇಳಿದ್ರಲ್ಲ" ಎಂದೆಯಂತೆ. ಆ ಡಿಸೈನ್ ಕಾಲೇಜಿನವರು ಹಾಗೆ ಹೇಳಲಿಲ್ಲ, ಮಗಳೇ. ನೀನು ಮಾಡಿದ ರಟ್ಟಿನ ಮನೆಯ ಆಟವನ್ನು ನೋಡಿ, ಶುಲ್ಕವಿಲ್ಲದ ಸೀಟು ಕೊಡಲಾಗದು ಎಂದರು, ಅಷ್ಟೆ. ಪೂರ್ತಿ ಶುಲ್ಕ ಕಟ್ಟಿ ಅಲ್ಲಿ ಓದಿಸುವುದು ನಮ್ಮಿಂದಾಗದು. ಅದನ್ನು ನಿನ್ನಿಂದ ಎಂದೂ ಮುಚ್ಚಿಟ್ಟಿಲ್ಲ. ಆದರೆ ಇನ್ನೊಂದು ದಾರಿ ಸಿಕ್ಕಿದೆ.

ಬುಧವಾರ ನಾನೂ ಅಪ್ಪನೂ ಸರ್ಕಾರಿ ಕಲಾ ಕಾಲೇಜಿಗೆ ಹೋಗಿದ್ದೆವು. ಬಸ್ಸಿನಲ್ಲಿ ಅಪ್ಪ, "ಆಟ ಸಾಕು, ಓದ್ಕೋ ಅಂತ ಹತ್ತು ವರ್ಷ ಅವಳ ತಲೆ ತಿಂದೆ. ಈಗ ಆಟಾನೇ ಓದ್ಸೋಕೆ ಕಾಲೇಜು ಹುಡುಕ್ತಿದ್ದೀಯಲ್ಲೇ!" ಎಂದು ಪಕ್ಕದವರಿಗೂ ಕೇಳುವಂತೆ ನಕ್ಕರು. "ತಿಂದಿದ್ದು ನಾನೊಬ್ಳೇನಾ?" ಎಂದೆ. ಕಿಟಕಿಯ ಕಡೆ ತಿರುಗಿಕೊಂಡರು.

ಅನಿಮೇಷನ್ ವಿಭಾಗದ ಮೇಡಂ ಕೈಯ ಬಣ್ಣ ಒರೆಸಿಕೊಳ್ಳುತ್ತಲೇ ಎಲ್ಲ ವಿವರಿಸಿದರು. "ಎರಡು ವರ್ಷ ಇಲ್ಲೇ ಚಿತ್ರ, ಪ್ರೋಗ್ರಾಮಿಂಗ್ ಎರಡೂ ಕಲೀಲಿ. ಮನೆಯಿಂದ್ಲೇ ಓಡಾಡ್ಬಹುದು. ಮೂರನೇ ವರ್ಷಕ್ಕೆ ಅದೇ ಡಿಸೈನ್ ಕಾಲೇಜಿಗೆ ಸೇರ್ಕೋಬಹುದು. ನಮ್ಮ ಇಬ್ರು ಹುಡುಗೀರು ಹಾಗೇ, ಫೀಸಿಲ್ಲದ ಸೀಟಲ್ಲೇ ಹೋಗಿದ್ದಾರೆ. ಆದ್ರೆ ಇಲ್ಲೂ ಅಲ್ಲೂ ಮೊದಲು ಕೇಳೋದು ಒಂದೇ, ಅವಳೇ ಮಾಡಿದ ಆಟ ಎಲ್ಲಿ ಅಂತ." ಇಲ್ಲಿನ ಶುಲ್ಕ ನನ್ನ ಸಂಬಳಕ್ಕೆ ಭಾರವಲ್ಲ. ಅರ್ಜಿಗೆ ಇಪ್ಪತ್ತನೇ ತಾರೀಕು ಕೊನೆ.

ಒತ್ತಾಯವಿಲ್ಲ. ಅಕೌಂಟ್ಸ್ ನಿನಗೆ ನಿಜವಾಗಿ ಇಷ್ಟವಿದ್ದರೆ ಅದೂ ಸರಿಯೇ. ಸೋತೆನೆಂದುಕೊಂಡು ಮಾತ್ರ ಹೋಗಬೇಡ. ಯಾವುದನ್ನು ಹಿಡಿದರೂ ಒಳ್ಳೆಯದಾಗಲಿ, ನಗುನಗುತ್ತಾ ಇರು.

ನಿನ್ನ
ಅಮ್ಮ

ತಾ.ಕ.: ಇದು ಮರೆತದ್ದಲ್ಲ, ತಡೆದದ್ದು. ಪರೀಕ್ಷೆಯ ಗಡಿಬಿಡಿಯಲ್ಲಿ ನೀನು ಆಟದ ನಿಯಮಗಳನ್ನು ಕನ್ನಡದಲ್ಲೇ ಬರೆದು, "ಇಂಗ್ಲಿಷ್ ಮಾಡಿ ನೀನೇ ಕಳಿಸ್ಬಿಡಮ್ಮ, ನಾನು ನೋಡೋದೇನೂ ಬೇಡ" ಎಂದಿದ್ದೆ. ನನ್ನ ಇಂಗ್ಲಿಷ್ ಮೀಡಿಯಂ ಓದು ಒಮ್ಮೆಯಾದರೂ ನಿನ್ನ ಉಪಯೋಗಕ್ಕೆ ಬಂತೆಂದು ಖುಷಿಯಿಂದಲೇ ಕುಳಿತೆ. ಏಳನೆಯ ನಿಯಮ ಹೀಗಿತ್ತು: "ಅಮ್ಮ ಇರುವ ಕೋಣೆ ದಾಟಬೇಕಾದರೆ ಒಂದು ಸುಳ್ಳು ಹೇಳಬೇಕು. ಸಿಕ್ಕಿಬಿದ್ದರೆ ಮತ್ತೆ ಹೊರಬಾಗಿಲಿನಿಂದ ಶುರು."

ಆಫೀಸಿನಲ್ಲಿ ಜನರ ಕಾಗದಪತ್ರ ಅನುವಾದಿಸುವಾಗ ಒಂದು ಕಾಮಾ ತಪ್ಪಿದರೂ ಮೊಹರು ಒತ್ತದವಳು ನಾನು. ಆ ಸಾಲನ್ನು "ಅಮ್ಮ ಇರುವ ಕೋಣೆಗೆ ಬಂದರೆ ಒಂದು ಸರದಿ ವಿಶ್ರಾಂತಿ" ಎಂದು ಬದಲಿಸಿ ಕಳಿಸಿದೆ. ಓದಿದವರು ನನ್ನನ್ನು ಎಂಥ ತಾಯಿ ಅಂದುಕೊಂಡಾರೋ ಎಂಬ ಅಂಜಿಕೆ. "ಮನೆ ಚೆನ್ನಾಗಿದೆ, ಆದರೆ ಆಟದಲ್ಲಿ ಎಲ್ಲಿಯೂ ಎದೆ ಢವಢವಗುಟ್ಟುವುದಿಲ್ಲ" ಎಂದು ಡಿಸೈನ್ ಕಾಲೇಜಿನವರು ಬರೆದದ್ದು ನನ್ನ ಆಟದ ಬಗ್ಗೆ, ನಿನ್ನದರ ಬಗ್ಗೆ ಅಲ್ಲ.

ನಿನ್ನೆ ಅಪ್ಪನೊಡನೆ ನಿನ್ನ ನಿಯಮದಂತೆಯೇ ಆಡಿದೆ. ಮೂರು ಸಲ ಸಿಕ್ಕಿಬಿದ್ದೆ. "ನಿನಗೆ ಸುಳ್ಳು ಹೇಳೋಕೇ ಬರಲ್ವಲ್ಲೇ" ಎಂದು ನಕ್ಕರು. ನನ್ನಿಂದ ನಗಲಾಗಲಿಲ್ಲ.

ನಿನ್ನ ಕೈಬರಹದ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಈ ಸಲ ನೀನೇ ಕಳಿಸು. ಪತ್ರವನ್ನು ಸೋಮವಾರ ಅಂಚೆಗೆ ಹಾಕೋಣವೆಂದಿದ್ದೆ. ಆದರೆ ಅಷ್ಟರೊಳಗೆ ಆ ನಿಯಮದಂತೆ ಇದನ್ನೂ ತಿದ್ದಿಬಿಟ್ಟೇನು. ಇವತ್ತೇ ಹಾಕುತ್ತೇನೆ, ಜೂನ್ ೯.